ರಫ್ ಬುಕ್ಕಿನಲ್ಲೊಂದು ಶೇಂಗಾ ಹಾಡು

ನಮ್ಮ ಕಡೆ ‘ಜರ್ನಲ್’ ಅಂದರೆ ಸೈನ್ಸ್ ಹುಡುಗರ ಸ್ವತ್ತು. ಧಾರವಾಡ, ಹುಬ್ಬಳ್ಳಿ, ಗದಗಿನ ಕಾಲೇಜುಗಳಲ್ಲಿ ಪ್ರ್ಯಾಕ್ಟಿಕಲ್ ಮುಗಿಸಿ ಬರೆಯುವ ಪುಸ್ತಕ ಅದು. ಬೆಂಗಳೂರು, ಮೈಸೂರಿನವರು ರೆಕಾರ್ಡ್ ಅನ್ನುತ್ತಾರೆ. ಒಬ್ಬ ಬರೆದದ್ದನ್ನು ಹತ್ತು ಮಂದಿ ಇಳಿಸಿಕೊಳ್ಳುವುದೇ ಅದರ ಧರ್ಮ. ಇದನ್ನು ಮರೆತು ನಾನು ಬಿ.ಎ. ಮೊದಲ ಸೆಮಿಸ್ಟರಿನ ಕನ್ನಡ ತರಗತಿಯಲ್ಲಿ, ‘ಎಲ್ಲರೂ ಒಂದೊಂದು ಜರ್ನಲ್ ಇಡಿ, ಪಾಠ ಓದುವಾಗ ಮನಸ್ಸಿಗೆ ಬಂದದ್ದನ್ನು ಬರೆಯಿರಿ’ ಅಂದುಬಿಟ್ಟೆ. ‘ಮೇಡಂ, ಮಾರ್ಜಿನ್ ಹೊಡೀಬೇಕೇನ್ರಿ?’ ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದಾಗಲೇ ಎಚ್ಚರಾಗಬೇಕಿತ್ತು.

ಮುಂದಿನ ಸೋಮವಾರ ನನ್ನ ಮೇಜಿನ ಮೇಲೆ ಅರವತ್ತೆರಡು ನೋಟ್‌ಬುಕ್ಕುಗಳು ಬಂದು ಕೂತವು. ಕಂದು ಹೊದಿಕೆ, ಅಂಟಿಸಿದ ಲೇಬಲ್ಲು, ಮೊದಲ ಪುಟದಲ್ಲಿ ಸ್ಕೇಲಿಟ್ಟು ಗೆರೆ ಎಳೆದ ಅನುಕ್ರಮಣಿಕೆ, ಅದರಲ್ಲಿ ನನ್ನ ಸಹಿಗೊಂದು ಕಾಲಂ. ಬಿಡಿಸಿ ನೋಡಿದರೆ ಹತ್ತೊಂಬತ್ತು ಪುಸ್ತಕಗಳಲ್ಲಿ ಒಂದೇ ಪ್ಯಾರಾ. ಶೋಷಣೆಯನ್ನು ‘ಶೋಶಣೆ’ ಎಂದು ಮಾಡಿದ ತಪ್ಪು ಕೂಡ ಹತ್ತೊಂಬತ್ತರಲ್ಲೂ ಇತ್ತು. ‘ಈ ಕೃತಿಯು ನಮಗೆ ಉತ್ತಮ ಸಂದೇಶವನ್ನು ನೀಡುತ್ತದೆ’ ಎಂಬ ವಾಕ್ಯ ಎಷ್ಟು ಕಡೆ ಇತ್ತು ಎಂದು ಎಣಿಸುವ ಗೋಜಿಗೆ ಹೋಗಲಿಲ್ಲ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಕೈಗೆ ಕೆಂಪು ಪೆನ್ನು ತಗೊಂಡೆ. ಒಬ್ಬ ಹುಡುಗ ಮಾತ್ರ ಯಾರದನ್ನೂ ನೋಡದೆ ತನ್ನ ಊರಿನ ಶಾಲೆಯ ಬಗ್ಗೆ ಬರೆದಿದ್ದ. ಬಾವಿ, ಬೇವಿನ ಗಿಡ, ಮಧ್ಯಾಹ್ನ ಕುರ್ಚಿಯಲ್ಲೇ ತೂಕಡಿಸುತ್ತಿದ್ದ ಮಾಸ್ತರರು, ಅವರ ಚಸ್ಮಾ ಜಾರುವುದನ್ನೇ ಕಾಯುತ್ತ ಕೂತ ಹುಡುಗರು, ಎಲ್ಲ ಇತ್ತು ಅದರಲ್ಲಿ. ಆದರೆ ಆತ ಏಳು ಕಡೆ ‘ಸಾಲಿ’ ಅಂತ ಬರೆದಿದ್ದ, ನಾನು ಏಳಕ್ಕೂ ಸುತ್ತು ಹಾಕಿ ಮಗ್ಗುಲಲ್ಲಿ ‘ಶಾಲೆ’ ಎಂದು ಬರೆದೆ. ಮುಂದಿನ ವಾರ ಅವನ ಪುಟದಲ್ಲಿ ‘ವಿದ್ಯಾಲಯವು ಜ್ಞಾನದೇಗುಲವಾಗಿದೆ’ ಎಂದಿತ್ತು. ಒಂದೂ ತಪ್ಪಿರಲಿಲ್ಲ. ಬಾವಿಯಿಲ್ಲ, ಬೇವಿನ ಗಿಡವಿಲ್ಲ, ಮಾಸ್ತರರೂ ಎದ್ದು ಹೋಗಿದ್ದರು.

ಹಳಗನ್ನಡ, ನಡುಗನ್ನಡ, ಹೊಸಗನ್ನಡ ಆದ ಮೇಲೆ ನಮ್ಮ ಕಾಲೇಜುಗಳಲ್ಲಿ ಹುಟ್ಟಿದ ಈ ನಾಲ್ಕನೆಯ ಅವಸ್ಥೆಯನ್ನು ನಾನು ಗೈಡುಗನ್ನಡ ಅನ್ನುತ್ತೇನೆ. ಯಾರೂ ಆಡದ, ಯಾರಿಗೂ ಹೇಳದ, ಬರೀ ಅಂಕಕ್ಕಾಗಿ ಬರೆಯುವ ಭಾಷೆ ಇದು. ರೋಗ ನಮ್ಮಲ್ಲಷ್ಟೇ ಇದೆ ಎಂದುಕೊಂಡಿದ್ದೆ. ಅಮೆರಿಕದ ಮಿಶಿಗನ್‌ನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಕೆನ್ ಮೆಕ್ರೋರಿ ಎಂಬ ಅಧ್ಯಾಪಕ ತನ್ನ ವಿದ್ಯಾರ್ಥಿಗಳ ಇಂಥದೇ ಸತ್ತ ಇಂಗ್ಲಿಷಿಗೆ ‘ಎಂಗ್‌ಫಿಶ್’ ಎಂದು ಹೆಸರಿಟ್ಟು, 1970ರಲ್ಲಿ ‘ಅಪ್‌ಟಾಟ್’ ಎಂಬ ಪುಸ್ತಕವನ್ನೇ ಬರೆದಿದ್ದಾರೆ. ಆ ಪದ ಸಿಕ್ಕಿದ್ದೂ ಒಬ್ಬ ವಿದ್ಯಾರ್ಥಿಯ ಬರಹದಲ್ಲಿ. ಅವರು ಕಂಡುಕೊಂಡ ಔಷಧ ಸರಳ: ಮನೆಗೆ ಹೋಗಿ, ಕಾಗುಣಿತ, ವ್ಯಾಕರಣ, ಕೊನೆಗೆ ವಿಷಯದ ಚಿಂತೆಯನ್ನೂ ಬಿಟ್ಟು, ಕೈ ನಿಲ್ಲಿಸದೆ ಹತ್ತು ನಿಮಿಷ ಬರೆಯಿರಿ. ಪೀಟರ್ ಎಲ್ಬೋ 1973ರ ‘ರೈಟಿಂಗ್ ವಿದೌಟ್ ಟೀಚರ್ಸ್’ನಲ್ಲಿ ಈ ‘ಫ್ರೀ ರೈಟಿಂಗ್’ಗೆ ದೊಡ್ಡ ಪ್ರಚಾರ ಕೊಟ್ಟರು. ಪುಸ್ತಕದ ಹೆಸರು ನೋಡಿ: ಮಾಸ್ತರರಿಲ್ಲದ ಬರವಣಿಗೆ! ಬರೆದವರು ಮಾತ್ರ ಮಾಸ್ತರರೇ.

ಈ ವಿಚಾರದಲ್ಲಿ ನನ್ನ ಕಣ್ಣು ತೆರೆಸಿದ್ದು ಲಂಡನ್ನಿನ ಜೇಮ್ಸ್ ಬ್ರಿಟನ್ ಮತ್ತವರ ಸಂಗಡಿಗರ ಕೆಲಸ. ಇಂಗ್ಲೆಂಡಿನ 65 ಪ್ರೌಢಶಾಲೆಗಳಿಂದ ಮಕ್ಕಳು ಬರೆದ ಎರಡು ಸಾವಿರಕ್ಕೂ ಹೆಚ್ಚು ಬರಹಗಳನ್ನು ತರಿಸಿಕೊಂಡು, ಇವನ್ನು ಯಾರಿಗಾಗಿ, ಯಾತಕ್ಕಾಗಿ ಬರೆದರು ಎಂದು ವಿಂಗಡಿಸಿದರು. ವರದಿ 1975ರಲ್ಲಿ ಪುಸ್ತಕವಾಗಿ ಬಂತು. ಮಾಹಿತಿ ಕೊಡುವ, ವಾದಿಸುವ ಬರಹ ನೂರಕ್ಕೆ 63ರಷ್ಟು. ಕಥೆ-ಕವಿತೆ ಹದಿನೇಳು ಚಿಲ್ಲರೆ. ತನ್ನೊಳಗೇ ಮಾತಾಡಿಕೊಂಡಂತೆ, ಹತ್ತಿರದವರ ಹತ್ತಿರ ಹೇಳಿಕೊಂಡಂತೆ ಇರುವ ಬರಹ ಐದೂವರೆ ಮಾತ್ರ. ಹೆಚ್ಚೂಕಡಿಮೆ ಅರ್ಧದಷ್ಟು ಬರಹ ‘ಪರೀಕ್ಷಕ’ನನ್ನು ಎದುರಿಗೆ ಕೂರಿಸಿಕೊಂಡು ಬರೆದದ್ದು. ಬ್ರಿಟನ್ ವಾದ ಇಷ್ಟು: ಉಳಿದ ಎಲ್ಲ ಬಗೆಯ ಬರಹಗಳು ಮೊಳೆಯುವುದು ಆ ಐದೂವರೆಯ ಪಾತಿಯಲ್ಲಿ. ಪಾತಿ ಮಾಡದೆ ಸಸಿ ನೆಡುತ್ತಿದ್ದೇವೆ ನಾವು.

ಹಾಗಾಗಿ ಎರಡನೆಯ ವರ್ಷ ‘ಜರ್ನಲ್’ ಎಂಬ ಪದವನ್ನೇ ಕೈಬಿಟ್ಟೆ. ‘ದಿನಚರಿ’ ಅಂದು ನೋಡಿದೆ. ‘ಬೆಳಿಗ್ಗೆ ಆರಕ್ಕೆ ಎದ್ದೆ, ಹಲ್ಲು ತಿಕ್ಕಿದೆ, ಚಹಾ ಕುಡಿದೆ’ ಶುರುವಾಯಿತು. ದಿನಚರಿ ಸಣ್ಣ ಸಂಗತಿ ಎಂದಲ್ಲ; ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ ಓದಿದವರಿಗೆ ಗೊತ್ತು, ಆ ಬೃಹತ್ ಆತ್ಮಕಥೆಯ ಬೆನ್ನಿಗೆ ನಿಂತದ್ದು ಅವರ ವಿದ್ಯಾರ್ಥಿ ದೆಸೆಯ ದಿನಚರಿಗಳು. ಆದರೆ ನನಗೆ ಬೇಕಾಗಿದ್ದುದು ಓದಿನ ಜೊತೆ ನಡೆಯುವ ಜಗಳ. ಕೊನೆಗೆ ‘ರಫ್ ಬುಕ್ಕು’ ಎಂದೆ. ಎಲ್ಲರ ಮುಖ ಸಡಿಲಾಯಿತು. ರಫ್ ಬುಕ್ಕಿಗೆ ಯಾರೂ ಹೊದಿಕೆ ಹಾಕುವುದಿಲ್ಲ.

ಕ್ರಮವನ್ನು ಆನ್ ಬರ್ಥಾಫ್ ಅವರಿಂದ ಸಾಲ ತಂದೆ. ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಬರವಣಿಗೆ ಕಲಿಸುತ್ತಿದ್ದ ಅವರು ಎರಡು ಮಗ್ಗುಲಿನ ನೋಟ್‌ಬುಕ್ಕನ್ನು ರೂಢಿಗೆ ತಂದರು. ಎಡಗಡೆ ಪುಟದಲ್ಲಿ ಓದುವಾಗ ಕಂಡದ್ದು, ತಡೆದು ನಿಲ್ಲಿಸಿದ್ದು, ಅರ್ಥವಾಗದ್ದು. ಬಲಗಡೆಯದು ಮೊದಲು ಖಾಲಿ. ಎರಡು ದಿನ ಬಿಟ್ಟು ಬಂದು, ಎಡಗಡೆ ತಾನೇ ಬರೆದುದನ್ನು ಓದಿ, ಅದರ ಬಗ್ಗೆ ಬಲಗಡೆ ಬರೆಯಬೇಕು. ಬರೆದವರೇ ತಮ್ಮ ಬರಹದ ಮೊದಲ ಓದುಗರು. ಇದರ ಯುಕ್ತಿ ಇರುವುದು ಆ ‘ಎರಡು ದಿನ’ದಲ್ಲಿ. ಒಂದೇ ಕೂತಿಕೆಯಲ್ಲಿ ಎರಡೂ ಪುಟ ತುಂಬಿಸಿದರೆ ಬರೀ ಗೆರೆ ಹೊಡೆದ ನೋಟ್ಸು.

ಆ ವರ್ಷ ತರಗತಿಯಲ್ಲಿ ದೇವನೂರ ಮಹಾದೇವರ ‘ಒಡಲಾಳ’ ಓದುತ್ತಿದ್ದೆವು. ನಂಜನಗೂಡು ಸೀಮೆಯ ಆ ಮಾತು ನಮ್ಮ ಹುಡುಗರ ಬಾಯಲ್ಲಿ ಕುಂಟುತ್ತಿತ್ತು. ‘ಕಡಲೆಕಾಯಿ ಅಂದ್ರ ಶೇಂಗಾ ಏನ್ರಿ?’ ಎಂದು ಒಬ್ಬಳು ಕೇಳಿದಳು. ಹೌದೆಂದೆ. ಮನೆ ಮಂದಿಯೆಲ್ಲ ರಾತ್ರಿ ಬೆಂಕಿ ಸುತ್ತ ಕೂತು ಕಡಲೆಕಾಯಿ ತಿನ್ನುವ ಆ ಭಾಗಕ್ಕೆ ಗೈಡಿನಲ್ಲಿ ‘ಹಸಿವಿನ ದಾರುಣ ಚಿತ್ರಣ’ ಎಂಬ ತಯಾರಿ ಉತ್ತರ ಇದೆ. ಪ್ರಶ್ನೆ ಕೇಳಿದ್ದ ಹುಡುಗಿಯ ರಫ್ ಬುಕ್ಕಿನ ಎಡಗಡೆ ಪುಟದಲ್ಲಿ ಇದ್ದದ್ದು ಬೇರೆ. ಅವಳ ಒಪ್ಪಿಗೆ ಪಡೆದು ಇಲ್ಲಿ ಕೊಡುತ್ತಿದ್ದೇನೆ:

‘ನಾ ಸಣ್ಣಾಕಿದ್ದಾಗ ಅವ್ವನ ಕೂಡ ಶೇಂಗಾ ಒಡಿಯಾಕ ಹೋಗತಿದ್ದೆ. ಸಾವ್ಕಾರ್ತಿ ಕಟ್ಟಿ ಮ್ಯಾಲೆ ಕುಂತು ಹಾಡು ಹೇಳ್ರೆವಾ ಅಂತಿದ್ಲು. ಎಲ್ಲಾರೂ ಹಾಡತಿದ್ರು. ನನಗ ಭಾಳ ಖುಷಿ ಆಗತಿತ್ತು. ಹಾಡು ನಿಂತ್ರ ಆಕಿ ಯಾಕ್ ಸುಮ್ಮನಾದ್ರಿ ಅಂತ ಒದರತಿದ್ಲು.’

ಅಷ್ಟೇ. ಬಿತ್ತನೆಗೆ ಮುಂಚೆ ಬೀಜಕ್ಕಾಗಿ ಹೆಂಗಸರನ್ನು ಕರೆದು ಶೇಂಗಾ ಒಡೆಸುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಕೂಲಿ. ಎರಡು ದಿನದ ನಂತರ ಬಲಗಡೆ ಪುಟದಲ್ಲಿ, ಬೇರೆ ಬಣ್ಣದ ರಿಫಿಲ್ಲಿನಲ್ಲಿ: ‘ಬಾಯಾಗ ಹಾಡಿದ್ರ ಕಾಳು ಹಾಕ್ಕೊಳ್ಳಾಕ ಆಗೂದಿಲ್ಲ. ಅದಕ್ಕ ಹಾಡು. ನಾ ಇಷ್ಟು ವರ್ಷ ತಿಳಕೊಂಡಿದ್ದಿಲ್ಲ. ಅವ್ವಗ ಗೊತ್ತಿತ್ತೇನು?’

ಇದನ್ನು ಓದಿ ಸ್ಟಾಫ್ ರೂಮಿನಲ್ಲಿ ಚಹಾ ಆರಿಸಿಕೊಂಡು ಕೂತುಬಿಟ್ಟೆ. ಏನು ಬರೆಯಲಿ? ‘ತುಂಬಾ ಚೆನ್ನಾಗಿದೆ’ ಎಂದರೆ ಅದೂ ಗೈಡುಗನ್ನಡವೇ. ಪೆನ್ಸಿಲ್ಲಿನಲ್ಲಿ ಎರಡೇ ಪದ ಬರೆದೆ: ‘ಯಾವ ಹಾಡು?’

ಮುಂದಿನ ಸರದಿಯಲ್ಲಿ ಉತ್ತರ ಬಂತು. ಮನೆಗೆ ಹೋಗಿ ಕೇಳಿದ್ದಾಳೆ. ಅವ್ವ ನಕ್ಕಿದ್ದಾಳೆ. ‘ಗೊತ್ತಿರಲಿಲ್ಲೇನ ನಮಗ! ಅದಕ್ಕ ನಾವು ಒಬ್ಬಾಕಿ ಹೇಳೂದು, ಉಳದವ್ರು ಹಿಂದ ಅನ್ನೂದು, ಅಂಥಾ ಹಾಡನ್ನ ಹಿಡೀತಿದ್ವಿ. ಆಕಿ ಹೇಳೂತನಕ ಉಳದವ್ರ ಬಾಯಿ ಖಾಲಿನ.’

ಸಾವ್ಕಾರ್ತಿಯ ಉಪಾಯಕ್ಕೆ ಕೂಲಿ ಹೆಂಗಸರು ಹೂಡಿದ ಪ್ರತಿ ಉಪಾಯ! ಸೊಲ್ಲು ಎತ್ತಿಕೊಡುವುದು, ಹಿಮ್ಮೇಳ ಕೂಡುವುದು ಎಂಬ ವಿಧಾನದ ಬಗ್ಗೆ ಜಾನಪದ ಪತ್ರಿಕೆಯಲ್ಲಿ ನಾನು ಎಷ್ಟೋ ವರ್ಷ ಪಾಠ ಮಾಡಿದ್ದೆ. ಅದರ ಒಂದು ಉಪಯೋಗ ಬಾಯಿಗೆ ನಾಲ್ಕು ಕಾಳು ಹಾಕಿಕೊಳ್ಳುವುದು ಎಂದು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ.

ಕಥೆ ಇಲ್ಲಿಗೇ ಸುಖಾಂತ್ಯವಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ‘ಇದನ್ನೇ ಪ್ರಬಂಧ ಮಾಡು’ ಅಂದೆ. ಒಂದು ವಾರದ ಮೇಲೆ ಬಿಳಿ ಹಾಳೆಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದು ತಂದಳು. ಶೀರ್ಷಿಕೆ: ‘ಗ್ರಾಮೀಣ ಮಹಿಳೆ ಮತ್ತು ಶೋಷಣೆ’. ಮೊದಲ ವಾಕ್ಯ: ‘ಭಾರತವು ಕೃಷಿ ಪ್ರಧಾನ ದೇಶವಾಗಿದೆ’. ಮೂರು ಪುಟ ಹುಡುಕಿದರೂ ಸಾವ್ಕಾರ್ತಿ ಇಲ್ಲ, ಹಾಡಿಲ್ಲ, ಅವ್ವನ ನಗು ಇಲ್ಲ. ಆ ಹುಡುಗನ ಮಾಸ್ತರರ ಹಾಗೆ ಎಲ್ಲರೂ ಎದ್ದು ಹೋಗಿದ್ದರು. ಈ ಸಲ ನಾನು ಕೆಂಪು ಪೆನ್ನು ಮುಟ್ಟಿಯೂ ಇರಲಿಲ್ಲ. ‘ಪ್ರಬಂಧ’ ಎಂಬ ಪದ ಒಂದೇ ಸಾಕಾಗಿತ್ತು.

ರಫ್ ಬುಕ್ಕು ಇಡಿಸುವುದು ಸುಲಭ. ಅಲ್ಲಿಂದ ಪ್ರಬಂಧಕ್ಕೆ ದಾಟಿಸುವುದೇ ಕಷ್ಟ. ಜರ್ನಲ್ ಬರವಣಿಗೆಯನ್ನು ಹೊಗಳುವ ಲೇಖನಗಳಲ್ಲಿ ಈ ದಾಟಿನ ಮಾತು ಕಡಿಮೆ. ಮಗು ಮನಸ್ಸು ಬಿಚ್ಚಿ ಬರೆಯಿತು, ಸಂತೋಷ, ಮುಗಿಯಿತು. ನನಗೆ ಅದು ಅರ್ಧ ಕೆಲಸ ಅನ್ನಿಸುತ್ತದೆ. ಅವಳ ಮುಂದೆ ರಫ್ ಬುಕ್ಕನ್ನೂ ಪ್ರಬಂಧವನ್ನೂ ಅಕ್ಕಪಕ್ಕ ಇಟ್ಟು, ‘ಈ ಪ್ರಬಂಧದಲ್ಲಿ ನೀನೇ ಬರೆದದ್ದು ಅನ್ನಿಸುವ, ಬೇರೆ ಯಾರೂ ಬರೆಯಲಾಗದ ಪದಕ್ಕೆ ಗೆರೆ ಹಾಕು’ ಅಂದೆ. ಬಹಳ ಹೊತ್ತು ನೋಡಿ ‘ಇಲ್ರಿ’ ಅಂದಳು. ಆಮೇಲೆ ರಫ್ ಬುಕ್ಕಿಗೆ ಗೆರೆ ಹಾಕಲು ಹೇಳಿದೆ. ಹಾಕುತ್ತಲೇ ಹೋದಳು.

ಎರಡನೆಯ ಕರಡಿಗೂ ಮೂರನೆಯದಕ್ಕೂ ನಡುವೆ ನಮ್ಮಿಬ್ಬರಿಗೆ ವಾದವಾದದ್ದು ಭಾಷೆಯ ಬಗ್ಗೆ. ‘ಮಾತು ನಮ್ಮದು ಇರಲಿ, ಉಳಿದದ್ದು ಪುಸ್ತಕದ್ದು ಇರಲಿ’ ಎಂದು ಅವಳೇ ತೀರ್ಮಾನಿಸಿದಳು: ಅವ್ವ, ಸಾವ್ಕಾರ್ತಿ ಆಡಿದ್ದು ಆಡಿದ ಹಾಗೆ, ಹೇಳುವವಳ ಮಾತು ಶಿಷ್ಟ ಕನ್ನಡದಲ್ಲಿ. ದೇವನೂರರನ್ನು ಓದುತ್ತಿದ್ದ ತರಗತಿಯಲ್ಲಿ ಗದಗಿನ ಮಾತಿಗೆ ಜಾಗವಿಲ್ಲ ಎನ್ನಲು ನನಗೆಲ್ಲಿ ಬಾಯಿ? ಆ ಬರಹ ಕಾಲೇಜಿನ ಮಿಸಲೇನಿಯಲ್ಲಿ ಅಚ್ಚಾಯಿತು. ಅದಕ್ಕೆ ಮುಂಚೆ ಸಾವ್ಕಾರ್ತಿಯ ಮನೆತನದ ಹೆಸರನ್ನು ಅವಳೇ ಹೊಡೆದು ಹಾಕಿದ್ದಳು. ‘ಅವ್ವ ಇನ್ನೂ ಅಲ್ಲೇ ಹೋಗತಾಳ್ರಿ ಕೆಲಸಕ್ಕ’ ಅಂದಳು.

ಲೂಯಿಸ್ ರೋಸೆನ್‌ಬ್ಲಾಟ್ ಅವರ ಹೆಸರನ್ನು ಇಲ್ಲಿ ಹೇಳಲೇಬೇಕು. 1938ರಷ್ಟು ಹಿಂದೆಯೇ ‘ಲಿಟರೇಚರ್ ಆ್ಯಸ್ ಎಕ್ಸ್‌ಪ್ಲೊರೇಶನ್’ ಬರೆದವರು. ಕೃತಿಯ ಅರ್ಥ ಪುಟದಲ್ಲಿ ಮುದ್ರಣವಾಗಿ ಕೂತಿಲ್ಲ, ಓದುಗನೂ ಬರಹವೂ ಕೂಡಿದಾಗ ಆಗುವ ಘಟನೆ ಅದು ಎಂದರು. ಓದಿನಲ್ಲಿ ಎರಡು ಬಗೆ. ಮಗು ವಿಷ ನುಂಗಿದಾಗ ತಾಯಿ ಬಾಟಲಿಯ ಚೀಟಿ ಓದುವುದು ಒಂದು ಬಗೆ. ಅಲ್ಲಿ ಬೇಕಾದದ್ದು ಓದಿ ಎತ್ತಿಕೊಂಡು ಓಡುವ ಮಾಹಿತಿ. ಇನ್ನೊಂದರಲ್ಲಿ ಓದುತ್ತಿರುವಾಗ ಒಳಗೆ ಏನಾಗುತ್ತಿದೆ ಎಂಬುದೇ ಮುಖ್ಯ. ನಮ್ಮ ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆ ಹೆಸರಿಗೆ ಎರಡನೆಯ ಬಗೆಯದು, ನಡೆಯುವುದು ಮೊದಲ ಬಗೆಯಲ್ಲಿ. ಆಯ್ಕೆ ಇಂಥ ಕೃತಿಯಿಂದ, ಇಂಥವರು ಇಂಥವರಿಗೆ ಹೇಳಿದ್ದು, ಸ್ವಾರಸ್ಯ ಎರಡು ಸಾಲು. ಹುಡುಗರು ಪಂಪನ ಬಾಟಲಿಯ ಚೀಟಿ ಓದಿಕೊಂಡು ಓಡುತ್ತಾರೆ.

ಹೊರೆಯ ಲೆಕ್ಕ ಹೇಳದಿದ್ದರೆ ಸಹೋದ್ಯೋಗಿಗಳು ನನ್ನನ್ನು ಬಿಡುವುದಿಲ್ಲ. ಅರವತ್ತು ಪುಸ್ತಕ, ಒಂದಕ್ಕೆ ನಾಲ್ಕು ನಿಮಿಷ ಅಂದರೂ ನಾಲ್ಕು ತಾಸು, ಅದೂ ಒಂದೇ ತರಗತಿಗೆ. ಲಾಸ್ ಏಂಜಲಿಸ್‌ನ ಲೆಸ್ಲಿ ರೀಡ್ ಎಂಬ ಶಿಕ್ಷಕಿ ತನ್ನ ಆರನೆಯ ತರಗತಿಯ ಪ್ರತಿ ಮಗುವಿಗೂ ದಿನವೂ ಬರೆದು ಉತ್ತರಿಸುತ್ತಿದ್ದರು. ಜೇನಾ ಸ್ಟೇಟನ್ ಮೊದಲಾದವರು ಆ ನೋಟ್‌ಬುಕ್ಕುಗಳನ್ನು ಅಧ್ಯಯನ ಮಾಡಿದ ಮೇಲೆ ‘ಸಂವಾದ ಜರ್ನಲ್’ ಎಂಬ ಪದ್ಧತಿ ಲೋಕಕ್ಕೆ ಗೊತ್ತಾಯಿತು. ನನ್ನಿಂದ ಅದು ಆಗದು. ವಾರಕ್ಕೆ ಹದಿನೈದು ಪುಸ್ತಕ, ಸರದಿಯ ಮೇಲೆ. ಆ ಪದ್ಧತಿಯಿಂದ ನಾನು ತಗೊಂಡದ್ದು ಒಂದು ಸೂಕ್ಷ್ಮ: ತಪ್ಪು ತಿದ್ದಬೇಡ, ನಿನ್ನ ಉತ್ತರದಲ್ಲಿ ಸರಿ ರೂಪವನ್ನು ಬಳಸು. ಈಗ ಯಾರಾದರೂ ‘ಶೋಶಣೆ’ ಬರೆದರೆ ಕೆಳಗೆ ‘ಈ ಶೋಷಣೆ ಕಂಡದ್ದು ಎಲ್ಲಿ?’ ಎಂದು ಕೇಳುತ್ತೇನೆ. ಕೆಲವರು ಗಮನಿಸುತ್ತಾರೆ, ಕೆಲವರು ಇಲ್ಲ. ‘ಸಾಲಿ’ಗಂತೂ ಸುತ್ತು ಹಾಕುವುದಿಲ್ಲ.

ಇಂಟರ್ನಲ್ ಅಂಕ ಕೊಡಲೇಬೇಕು, ಇಲ್ಲವಾದರೆ ಯಾರೂ ಬರೆಯುವುದಿಲ್ಲ. ಈ ವಿಷಯದಲ್ಲಿ ನನಗೆ ಭ್ರಮೆಯಿಲ್ಲ. ಏನು ಬರೆದಿದ್ದಾರೆ ಎಂಬುದಕ್ಕೆ ಅಂಕವಿಲ್ಲ, ಎಷ್ಟು ಸಲ ಬರೆದಿದ್ದಾರೆ ಎಂಬುದಕ್ಕೆ ಮಾತ್ರ. ಪುಟಕ್ಕೆ ಏಳೇ ಸಾಲು ಬರುವಂತೆ ದಪ್ಪಕ್ಷರದಲ್ಲಿ ಬರೆಯುವ ಜಾಣರು ಇದ್ದೇ ಇರುತ್ತಾರೆ. ಈಚೆಗೆ ಒಂದು ಪುಟದಲ್ಲಿ ‘ಸಮಕಾಲೀನ ಸಂದರ್ಭದಲ್ಲಿ ಕೃತಿಯ ಬಹುಆಯಾಮದ ಪ್ರಸ್ತುತತೆ’ ಎಂದಿತ್ತು. ಮೊಬೈಲಿಗೆ ಕೇಳಿ ಇಳಿಸಿದ್ದು. ಗೈಡಿನ ಬೆಲೆ ಉಳಿಯಿತು, ಅಷ್ಟೇ ವ್ಯತ್ಯಾಸ. ಅಂದಿನಿಂದ ಎಡಗಡೆ ಪುಟವನ್ನು ತರಗತಿಯಲ್ಲೇ, ಮೊದಲ ಹತ್ತು ನಿಮಿಷದಲ್ಲಿ ಬರೆಸುತ್ತೇನೆ. ನಾನೂ ಅವರ ಜೊತೆ ಕೂತು ಬರೆಯುತ್ತೇನೆ. ನನ್ನ ಪುಸ್ತಕ ಅವರದಕ್ಕಿಂತ ಗಲೀಜು.

ಇನ್ನೊಂದು ಸಂಗತಿ ಇದೆ, ಬರೆಯಲು ಕೈ ಹಿಂಜರಿಯುತ್ತದೆ. ‘ಮನಸ್ಸಿಗೆ ಬಂದದ್ದು ಬರೆಯಿರಿ’ ಅಂದರೆ ಮನಸ್ಸಿನಲ್ಲಿದ್ದದ್ದು ಬರುತ್ತದೆ. ಒಮ್ಮೆ ಒಂದು ಕಥೆಯ ಮದುವೆಯ ಬಗ್ಗೆ ಬರೆಯುತ್ತ ಬರೆಯುತ್ತ ಒಬ್ಬಳು ತನ್ನ ಮದುವೆ ಗೊತ್ತಾಗಿದೆ ಎಂದು ಬರೆದಳು. ಹದಿನೆಂಟು ತುಂಬಲು ಇನ್ನೂ ಐದು ತಿಂಗಳು ಇತ್ತು. ‘ಯಾರಿಗೂ ಹೇಳಬ್ಯಾಡ್ರಿ’ ಎಂದೂ ಬರೆದಿದ್ದಳು. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅವಳನ್ನೇ ಕರೆದು, ನಾನು ಸುಮ್ಮನಿರಲಾರೆ ಎಂದು ಮೊದಲು ಅವಳಿಗೇ ಹೇಳಿ, ಆಮೇಲೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದೆ. ಮದುವೆ ಮುಂದಕ್ಕೆ ಹೋಯಿತು. ಆ ಹುಡುಗಿ ಸೆಮಿಸ್ಟರ್ ಮುಗಿಯುವವರೆಗೆ ರಫ್ ಬುಕ್ಕಿನಲ್ಲಿ ಗೈಡುಗನ್ನಡ ಬಿಟ್ಟು ಒಂದಕ್ಷರ ಬರೆಯಲಿಲ್ಲ. ನಾನು ಮಾಡಿದ್ದು ಸರಿ ಎಂದೇ ನಂಬಿದ್ದೇನೆ. ಅವಳ ಮುನಿಸೂ ಸರಿ ಎಂದು ಗೊತ್ತಿದೆ.

ಅಲ್ಲಿಂದ ಮುಂದೆ ಪ್ರತಿ ವರ್ಷ ಮೊದಲ ದಿನವೇ ಎರಡು ಮಾತು ಹೇಳುತ್ತೇನೆ. ಯಾರ ಜೀವಕ್ಕಾದರೂ ಅಪಾಯ ಇರುವುದನ್ನು, ಅಥವಾ ಹದಿನೆಂಟರ ಒಳಗಿನವರಿಗೆ ಆಗುತ್ತಿರುವ ಅನ್ಯಾಯವನ್ನು ಓದಿದರೆ ನಾನು ಗುಟ್ಟು ಉಳಿಸಿಕೊಳ್ಳುವುದಿಲ್ಲ. ಎರಡನೆಯದು: ಯಾವ ಪುಟವನ್ನು ನಾನು ಓದಬಾರದೋ ಅದನ್ನು ಅಡ್ಡಕ್ಕೆ ಮಡಚಿಡಿ. ಪುಟ ಲೆಕ್ಕಕ್ಕೆ ಬರುತ್ತದೆ, ಕಣ್ಣು ಹಾಯಿಸುವುದಿಲ್ಲ.

ಹೋದ ವರ್ಷ ಒಬ್ಬ ಹುಡುಗ ವಾರ ತಪ್ಪದೆ ಒಂದು ಪುಟ ಮಡಚಿಡುತ್ತಿದ್ದ. ಪುಸ್ತಕ ತೆರೆದಾಗಲೆಲ್ಲ ಬೆರಳು ಅಲ್ಲಿಗೇ ಹೋಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆ ಪುಟ ದಾಟಿಸಿ ಮುಂದಿನದನ್ನು ಓದುತ್ತಿದ್ದೆ. ಒಂದೆರಡು ಸಾಲು, ಅದೂ ಒಲ್ಲದ ಮನಸ್ಸಿನ ಬರಹ. ದಸರಾ ರಜೆ ಕಳೆದ ಮೇಲೆ ಮಡಿಕೆ ನಿಂತಿತು, ಬರಹ ಉದ್ದವಾಯಿತು. ಅವನ ಅಪ್ಪ ಕುರಿ ಕಾಯಲು ಹೋದಾಗ ತಿಂಗಳುಗಟ್ಟಲೆ ಊರಿಗೆ ಬರುವುದಿಲ್ಲ, ಬಂದಾಗ ಮನೆಯ ನಾಯಿಯೇ ಬೊಗಳುತ್ತದೆ ಎಂದು ಒಂದು ಪುಟ. ಸೆಮಿಸ್ಟರಿನ ಕೊನೆಯ ದಿನ ಕಾರಿಡಾರಿನಲ್ಲಿ ಸಿಕ್ಕಾಗ ತಡೆಯಲಾಗದೆ, ಮಡಚಿಡುವುದನ್ನು ಯಾಕೆ ಬಿಟ್ಟೆಯಪ್ಪಾ ಎಂದು ಕೇಳಿದೆ.

‘ಅದರಾಗ ಏನೂ ಇರಲಿಲ್ರಿ ಮೇಡಂ, ಖಾಲಿ ಪುಟ’ ಅಂದ. ‘ಒಳಗ ಒಂದು ಜ್ವಾಳದ ಕಾಳು ಇಟ್ಟು ಮಡಚಿದ್ದೆ. ತೆಗದ್ರ ಬೀಳತಿತ್ತು.’